ಬೋಣಿಯ ಕ್ಯಾನು

ನಮ್ಮ ಹಾಲಿನ ಡೈರಿಯ ಕಂಪ್ಯೂಟರಿನ ಸ್ವಿಚ್ಚು ಒತ್ತುವುದು ನನ್ನ ಕೆಲಸವಲ್ಲ, ಸೆಕ್ರೆಟರಿಯ ಕೆಲಸ. ಆದರೆ ಅವಳಿಗೆ ಸ್ಕೂಲಿಗೆ ಹೊರಡಿಸಬೇಕಾದ ಮಕ್ಕಳಿದ್ದಾರೆ. ನನ್ನ ಮನೆ ಡೈರಿಯ ಎದುರಿಗೇ ಇದೆ, ಬೀಗದ ಕೈ ನನ್ನ ಸೊಂಟದಲ್ಲಿರುತ್ತದೆ. ಹಾಗಾಗಿ ಬೆಳಗಿನ ಜಾವ ಬಾಗಿಲು ತೆಗೆದು, ಕಸ ಗುಡಿಸಿ, ಸ್ವಿಚ್ಚು ಒತ್ತಿ ಕೂರುವವಳು ನಾನೇ. ಗೋಡೆಯ ಮೇಲೆ ನನ್ನ ಹೆಸರಿನ ಮುಂದೆ ಅಧ್ಯಕ್ಷೆ ಎಂದು ಬಣ್ಣದಲ್ಲಿ ಬರೆಸಿದ್ದಾರೆ. ಕಣಕಟ್ಟೆ ಕಡೆಯ ಒಂದು ಹೆಂಗಸರ ಡೈರಿಗೆ ಅಧ್ಯಕ್ಷೆ ಎಂದರೆ ಪೊರಕೆಯೂ ಅವಳ ಕೈಯಲ್ಲೇ, ಬೈಗುಳವೂ ಅವಳ ಪಾಲಿಗೇ. ನಾನು ಓದಿದ್ದು ನಾಲ್ಕನೇ ಕ್ಲಾಸು. ರುಜು ಹಾಕುತ್ತೇನೆ, ಬಸ್ಸಿನ ಬೋರ್ಡು ಓದುತ್ತೇನೆ. ಇಷ್ಟು ಬರೆಯುವುದಕ್ಕೇ ಬೆರಳು ನೋಯುತ್ತದೆ.

ಮೊದಲು ಇದ್ದ ಕಂಪ್ಯೂಟರನ್ನು ಕೂರಿಸಿಕೊಟ್ಟವನು ಅರಸೀಕೆರೆಯವನು. ಬಸ್ ಸ್ಟ್ಯಾಂಡಿನ ಹತ್ತಿರ ಅವನದೊಂದು ಸಣ್ಣ ಅಂಗಡಿ. ವಯಸ್ಸಾದವನು, ಕನ್ನಡಕಕ್ಕೆ ದಾರ ಕಟ್ಟಿಕೊಂಡಿರುತ್ತಾನೆ. ಸ್ವಿಚ್ಚು ಒತ್ತಿದ ಮೇಲೆ ಯಾವುದು ಮೊದಲು ಏಳಬೇಕು, ಅದು ಎದ್ದ ಮೇಲೆ ಯಾವುದು ಏಳಬೇಕು ಎಂದು ಅವನು ಒಂದು ಸ್ಕ್ರಿಪ್ಟು ಬರೆದಿದ್ದ. ಹಾಗೆಂದರೆ ಸಾಲಾಗಿ ಬರೆದಿಟ್ಟ ಅಪ್ಪಣೆ, ಅಷ್ಟೇ. ಮೊದಲು ತೂಕದ ಮಿಷನ್ನಿನ ಕೆಂಪು ಅಂಕಿ ಹತ್ತುತ್ತಿತ್ತು. ಆಮೇಲೆ ಹಾಲು ಪರೀಕ್ಷೆ ಮಾಡುವ ಪೆಟ್ಟಿಗೆ ಗುರ್ ಎನ್ನುತ್ತಿತ್ತು. ಅದು ಗುರ್ ಎಂದು ಬಹಳ ಹೊತ್ತು ಹಾಗೇ ಇರುತ್ತಿತ್ತು. ಆಮೇಲೆ ಚೀಟಿ ಕೊಡುವ ಪ್ರಿಂಟರು ಒಂದು ಸಲ ಕೆಮ್ಮುತ್ತಿತ್ತು. ಕೊನೆಗೆ ಪರದೆಯ ಮೇಲೆ ಹೆಸರು ಬರೆದುಕೊಳ್ಳುವ ಜಾಗ ಬರುತ್ತಿತ್ತು. ಅಷ್ಟರಲ್ಲಿ ಹೊರಗೆ ಹೆಂಗಸರು ಕ್ಯಾನು ಇಟ್ಟುಕೊಂಡು ಕೂತು, ಊರಿನ ಸೊಸೆಯಂದಿರನ್ನೆಲ್ಲ ಒಂದು ಸುತ್ತು ಬೈದು ಮುಗಿಸಿರುತ್ತಿದ್ದರು.

ಅದರಲ್ಲಿದ್ದ ಕಷ್ಟವೆಂದರೆ, ಮಧ್ಯದಲ್ಲಿ ಒಂದು ನಿಂತರೆ ಅದರ ಹಿಂದಿನದೆಲ್ಲ ನಿಲ್ಲುತ್ತಿತ್ತು. ಒಂದು ದಿನ ಪ್ರಿಂಟರಿನಲ್ಲಿ ಪೇಪರು ಇರಲಿಲ್ಲ. ಸ್ಕ್ರಿಪ್ಟು ಅಲ್ಲಿಗೇ ಬಂದು ನಿಂತಿತು. ಪರದೆ ಬರಲಿಲ್ಲ, ಹಾಲು ತಗೊಳ್ಳಲಿಲ್ಲ. ಹಾಲಿನ ವ್ಯಾನು ಬಂದು ಹಾರ್ನ್ ಹೊಡೆದು ಹೊರಟೇ ಹೋಯಿತು. ಊರಿನ ಹಾಲೆಲ್ಲ ಆವತ್ತು ಮನೆಗಳಿಗೆ ವಾಪಸ್ಸು. ಬಿಸಿಲೇರುವ ಹೊತ್ತಿಗೆ ಹುಳಿ. ಇಷ್ಟಗಲ ಪೇಪರಿನ ಸುರುಳಿ ಮುಗಿದಿತ್ತು ಎಂಬ ಕಾರಣಕ್ಕೆ ಇಡೀ ಊರು ನನ್ನನ್ನು ಬೈಯಿತು. ನಾನು ಬೈಸಿಕೊಂಡೆ. ಇನ್ನೇನು ಮಾಡಲಿ.

ಬೋಣಿಯ ಸಂಗತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅಂಗಡಿಯವರು ದಿನದ ಮೊದಲ ವ್ಯಾಪಾರವನ್ನು ಯಾರ ಕೈಯಿಂದ ಮಾಡಿಸಬೇಕು ಎಂದು ನೋಡುತ್ತಾರಲ್ಲ, ಹಾಗೆ ನಮ್ಮ ಡೈರಿಯಲ್ಲಿ ಮೊದಲ ಕ್ಯಾನು ಮೂಲೆಮನೆಯವಳದು. ಡೈರಿ ಶುರುವಾದ ದಿನ ಅವಳು ಮೊದಲು ಹಾಲು ಹಾಕಿದಳು. ಆವತ್ತು ಎಲ್ಲರ ಹಾಲಿಗೂ ಒಳ್ಳೆ ಡಿಗ್ರಿ, ಅಂದರೆ ಗಟ್ಟಿ ಹಾಲೆನ್ನುವ ಅಂಕಿ ಬಂತು. ಒಂದು ಸಲ ಅವಳು ಮಗಳ ಬಾಣಂತನಕ್ಕೆ ಬಾಣಾವರಕ್ಕೆ ಹೋದಾಗ ಬೇರೆಯವರು ಮೊದಲು ಹಾಕಿದರು, ಆವತ್ತೇ ವ್ಯಾನು ಕೆಟ್ಟು ನಿಂತಿತು. ಅಲ್ಲಿಗೆ ಮುಗಿಯಿತು. ಅವಳ ಕೈಗುಣ ಎಂದು ಊರೇ ತೀರ್ಮಾನ ಮಾಡಿತು. ಅವಳು ಬರುವ ತನಕ ಯಾರೂ ಮುಂದೆ ಬರುವುದಿಲ್ಲ. ಜ್ವರ ಬಂದರೂ ಅವಳು ಎಲ್ಲರಿಗಿಂತ ಮುಂಚೆ ಎದ್ದು ಹಾಲು ಕರೆದುಕೊಂಡು ಬರಬೇಕು. ಅವಳಿಗೂ ಅದು ಸಾಕಾಗಿತ್ತು. ಆದರೆ ಹತ್ತು ಜನ ತನ್ನ ದಾರಿ ಕಾಯುತ್ತಾರೆ ಎಂದರೆ ಯಾರಿಗೆ ಒಳಗೊಳಗೆ ಖುಷಿ ಇರುವುದಿಲ್ಲ?

ಮಳೆಗಾಲದಲ್ಲಿ ಒಂದು ದಿನ ಸಿಡಿಲಿಗೆ ಹಳೆಯ ಕಂಪ್ಯೂಟರು ಸತ್ತಿತು. ಹೊಸದು ತರಿಸಿದೆವು. ಅದನ್ನು ಕೂರಿಸಲು ಸೆಕ್ರೆಟರಿ ಬೇಲೂರಿನ ಒಬ್ಬ ಹುಡುಗಿಯನ್ನು ಕರೆಸಿದಳು. ಅವಳು ಹಳೇಬೀಡಿನ ಮೇಲೆ ಎರಡು ಕಡೆ ಬಸ್ಸು ಬದಲಿಸಿ, ಧೂಳು ಹೊತ್ತುಕೊಂಡು ಬಂದಳು. ನಾನು ಅರಸೀಕೆರೆಯವನಿಗೂ ಹೇಳಿ ಕಳಿಸಿದ್ದೆ. ಇಬ್ಬರೂ ಒಂದೇ ಹೊತ್ತಿಗೆ ಬಂದರು. ಸಂಜೆಯ ಹಾಲಿಗೆ ಇನ್ನೂ ಸಮಯವಿತ್ತು. ಆದರೂ ಒಂದಿಷ್ಟು ಹೆಂಗಸರು ನೋಡಲು ಬಂದು ಬಾಗಿಲಲ್ಲಿ ಕೂತರು.

ಅರಸೀಕೆರೆಯವನು ಶುರು ಮಾಡಿದ. "ಅಕ್ಕ, ನನ್ ಸ್ಕ್ರಿಪ್ಟು ಇಷ್ಟು ವರ್ಷ ನಡ್ಸ್ತು. ಹೊಸದಕ್ಕೂ ಅದ್ನೇ ಹಾಕ್ತೀನಿ. ಒಂದರ ಹಿಂದೆ ಒಂದು ಏಳ್ತದೆ. ಎಲ್ಲಿ ನಿಂತೋಯ್ತು ಅಂತ ಕಣ್ಣಿಗೆ ಕಾಣ್ತದೆ."

"ಓಡುತ್ತೆ ಸಾರ್, ಓಡಲ್ಲ ಅನ್ನಲ್ಲ," ಎಂದಳು ಬೇಲೂರಿನ ಹುಡುಗಿ. "ಆದ್ರೆ ಈಗಿನ ಸಿಸ್ಟಮ್ ಒಳಗೇ ಸರ್ವಿಸ್ ಮ್ಯಾನೇಜರ್ ಅಂತ ಬರುತ್ತೆ. ಯಾವ್ಯಾವುದು ಏಳಬೇಕು ಅಂತ ಅದಕ್ಕೆ ಹೇಳಿಟ್ರೆ ಸಾಕು. ಎಲ್ಲಾನೂ ಒಟ್ಟಿಗೇ ಎಬ್ಬಿಸುತ್ತೆ. ಒಂದು ಸತ್ತುಹೋದ್ರೆ ತಾನೇ ಮತ್ತೆ ಎಬ್ಬಿಸುತ್ತೆ. ನಿಮ್ದ್ರಲ್ಲಿ ಸತ್ರೆ ಎಬ್ಬಿಸೋರು ಯಾರು?"

"ಅಕ್ಕ ಇದಾರಲ್ಲ. ಸ್ವಿಚ್ಚು ಆರಿಸಿ ಮತ್ತೆ ಹಾಕ್ತಾರೆ."

"ಹೂಂ, ಅದೊಂದು ಬಾಕಿ ಇತ್ತು ನಂಗೆ," ಎಂದೆ.

ಬಾಗಿಲಲ್ಲಿ ಕೂತಿದ್ದ ಒಬ್ಬಳು ಕೇಳಿದಳು, "ಮ್ಯಾನೇಜರ್ ಬತ್ತಾನಾ? ಅವನಿಗೆ ಊಟ ಯಾರ್ ಮನೇಲವ್ವ?"

"ನಿಮ್ ಮನೇಲೇ ಇಕ್ಕು. ನಿನ್ ಸಾರು ಉಂಡ್ರೆ ಸತ್ತೋನೂ ಎದ್ದು ಓಡ್ತಾನೆ," ಎಂದು ಇನ್ನೊಬ್ಬಳು ಅಂದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಇಬ್ಬರೂ ಮತ್ತೆ ಶುರು ಮಾಡಿದರು. ಅವನು ಹಿಂದಿನಿಂದ ನಡೆದು ಬಂದದ್ದು ಎನ್ನುವನು, ಅವಳು ಈಗ ಎಲ್ಲ ಕಡೆ ಇದೇ ಎನ್ನುವಳು. ನನಗೆ ಅರ್ಥವಾಗುವ ಒಂದೇ ಒಂದನ್ನು ಕೇಳಿದೆ.

"ಪೇಪರ್ ಮುಗುದ್ರೆ ಹಾಲು ನಿಲ್ತದಾ?"

"ಇಲ್ಲ ಅಜ್ಜಿ. ಚೀಟಿ ಮಾತ್ರ ಬರಲ್ಲ. ಹಾಲು ತಗೊಬಹುದು."

ಅರಸೀಕೆರೆಯವನ ಕಡೆ ತಿರುಗಿದೆ. "ನಿಂದ್ರಲ್ಲಿ?"

ಅವನು ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿದ. "ನಿಲ್ತದೆ."

"ಹಂಗಾರೆ ಹೊಸದೇ ಹಾಕಮ್ಮ."

ಅವನು ಕಾಫಿ ಅರ್ಧಕ್ಕೇ ಬಿಟ್ಟು ಎದ್ದ. ಹಳೆಯ ಸ್ಕ್ರಿಪ್ಟಿನ ಕಾಪಿ ಹುಡುಗಿಗೆ ಕೊಟ್ಟು, ಬಸ್ಸು ಸಿಗುವುದಿಲ್ಲ ಎಂದು ಹೋದ. ನಾನು ತೀರ್ಮಾನ ಮಾಡಿದ್ದು ತಪ್ಪು ಎಂದು ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸಿಲ್ಲ.

ಹೊಸದು ಚೆನ್ನಾಗಿಯೇ ಇತ್ತು. ಸ್ವಿಚ್ಚು ಒತ್ತಿ ಪೊರಕೆ ಮೂಲೆಗಿಡುವಷ್ಟರಲ್ಲಿ ಅಂಕಿ, ಪೆಟ್ಟಿಗೆ, ಪ್ರಿಂಟರು, ಪರದೆ ಎಲ್ಲ ಒಟ್ಟಿಗೇ ಏಳುತ್ತಿದ್ದವು. ಹೆಂಗಸರಿಗೆ ಕಾಯುವ ಕೆಲಸವೇ ತಪ್ಪಿತು. ಮೊದಲ ವಾರ ಎಲ್ಲರೂ ಬೇಲೂರಿನ ಹುಡುಗಿಯನ್ನು ಹೊಗಳಿದರು. ಆದರೆ ಆ ವಾರದಿಂದಲೇ ಮೂಲೆಮನೆಯವಳ ಹಾಲಿಗೆ ಡಿಗ್ರಿ ಕಮ್ಮಿ ಬರತೊಡಗಿತು.

ಡಿಗ್ರಿ ಕಮ್ಮಿ ಎಂದರೆ ನೀರು. ಬೇರೆ ಅರ್ಥ ನಮ್ಮಲ್ಲಿಲ್ಲ. ನೀರೆಂದು ಬಂದ ಹಾಲನ್ನು ಡೈರಿ ತಗೊಳ್ಳುವುದಿಲ್ಲ. ಮೊದಲ ದಿನ ಸೆಕ್ರೆಟರಿ, "ಹಸಿ ಹುಲ್ಲು ಜಾಸ್ತಿ ಹಾಕಿದ್ಯೇನಕ್ಕ?" ಎಂದಳು. ಮಾರನೆಯ ದಿನವೂ ಕಮ್ಮಿ. ಸಂಜೆಯೂ ಕಮ್ಮಿ. ಆಮೇಲೆ ಯಾರೂ ಹುಲ್ಲಿನ ಮಾತೆತ್ತಲಿಲ್ಲ. ಇನ್ನೊಂದು ಸಲ ಪೆಟ್ಟಿಗೆಗೆ ಹಾಕಿ ನೋಡೇ ಎಂದು ಅವಳು ಗೋಗರೆದಳು. ಸೆಕ್ರೆಟರಿ ಒಪ್ಪಲಿಲ್ಲ. ಒಬ್ಬಳಿಗೆ ಎರಡು ಸಲ ಹಾಕಿದರೆ ಎಲ್ಲರಿಗೂ ಹಾಕಬೇಕು, ಅಷ್ಟರಲ್ಲಿ ವ್ಯಾನು ಹೊರಟಿರುತ್ತದೆ. ಆ ನಿಯಮ ಮಾಡಿದ್ದು ನಾವೇ, ಕಮಿಟಿಯವರೇ.

ಹಾಲು ವಾಪಸ್ಸು ಹೊತ್ತುಕೊಂಡು ಬೀದಿಯಲ್ಲಿ ಹೋಗುವುದೆಂದರೆ ಏನೆಂದು ಹೋದವರಿಗೇ ಗೊತ್ತು. ತುಂಬಿದ ಕ್ಯಾನು, ಬರುವಾಗಲೂ ತುಂಬಿರುತ್ತದೆ, ಹೋಗುವಾಗಲೂ ತುಂಬಿರುತ್ತದೆ. ನಲ್ಲಿಯ ಹತ್ತಿರ ಒಬ್ಬಳು, "ನೀರು ಹಿಡ್ಕಣಕ್ಕೆ ಇಲ್ಲಿಗ್ ಬರಬೇಡ ಕಣವ್ವ, ನಿನ್ ಹಸು ಕೆಚ್ಚಲಲ್ಲೇ ನಲ್ಲಿ ಐತಲ್ಲ," ಎಂದಳಂತೆ. ಅದು ಸಂಜೆಯೊಳಗೆ ಊರೆಲ್ಲ ಹಬ್ಬಿತು. ಇದರಲ್ಲಿ ಸೋಜಿಗವೆಂದರೆ, ಅವಳನ್ನು ಕಳ್ಳಿ ಎಂದವರೂ ಮೊದಲ ಕ್ಯಾನನ್ನು ಮಾತ್ರ ಬಿಡಲಿಲ್ಲ. ಅವಳು ಬರುವವರೆಗೂ ಕಾದು, ಅವಳ ಹಾಲಿಗೆ ನೀರೆಂದು ಬಂದಮೇಲೆ ತುಟಿ ಕೊಂಕಿಸಿ, ಆಮೇಲೆ ತಮ್ಮ ಕ್ಯಾನು ಎತ್ತುತ್ತಿದ್ದರು. ಹೆಸರು ಕೆಟ್ಟರೂ ಕೈಗುಣ ಕೆಟ್ಟಿರಲಿಲ್ಲ ಎಂದು ಕಾಣುತ್ತದೆ. ನಮ್ಮೂರಿನ ಬುದ್ಧಿ ಇಷ್ಟೇ, ನಾನೂ ಅದೇ ಊರಿನವಳು.

ಇನ್ನೂ ಹೀಗೇ ನಡೆದರೆ ಅವಳನ್ನು ಮೆಂಬರ್‌ಶಿಪ್ಪಿನಿಂದ ತೆಗೆಯಬೇಕು ಎಂದು ಕಮಿಟಿಯಲ್ಲಿ ಮಾತಾಯಿತು. ಬರುವ ಸೋಮವಾರ ಮೀಟಿಂಗು ಎಂದರು. ತೆಗೆದರೆ ಬೇರೆ ಯಾವ ಡೈರಿಯೂ ಅವಳ ಹಾಲು ಮುಟ್ಟುವುದಿಲ್ಲ. ಅವಳಿಗಿರುವುದು ಎರಡು ಹಸು, ಅದೇ ಅವಳ ಬದುಕು. ರುಜು ಹಾಕಬೇಕಾದವಳು ನಾನು.

ಭಾನುವಾರ ಮಧ್ಯಾಹ್ನ ಅವಳು ನನ್ನ ಮನೆಗೆ ಬಂದಳು. ಅಳಲಿಲ್ಲ. ನಿಂತುಕೊಂಡೇ ಮಾತಾಡಿದಳು.

"ದೊಡ್ಡವ್ವ, ಇವತ್ತು ಸಂಜೆ ನೀನೇ ಬಂದು ಕೂತ್ಕಂಡು ನೋಡು. ನಾನು ಕರೀತೀನಿ. ಕ್ಯಾನು ನೀನೇ ತೊಳಿ, ನೀನೇ ಹೊತ್ಕಂಡ್ ಹೋಗು."

"ನಂಗೆ ಸೊಂಟ ನೋವು ಕಣೆ."

"ನನ್ ಮಾನ ಹೋಗ್ತಾ ಐತೆ."

ಹೋದೆ. ಬೇರೆ ದಾರಿಯಿರಲಿಲ್ಲ. ಕ್ಯಾನನ್ನು ನಾನೇ ತೊಳೆದು ಬಿಸಿಲಿಗೆ ಕವುಚಿಟ್ಟೆ, ಒಂದು ತೊಟ್ಟು ನೀರಿಲ್ಲದ ಹಾಗೆ ಆರಿತು. ಕೊಟ್ಟಿಗೆಯಲ್ಲಿ ಕಲ್ಲಿನ ಮೇಲೆ ಕೂತೆ. ಅವಳು ಎರಡು ಹಸುಗಳನ್ನೂ ಕರೆದಳು, ನನ್ನ ಕಣ್ಣೆದುರು. ಕೆಚ್ಚಲನ್ನು ಜೋರಾಗಿ ಜಗ್ಗಿದಳು, ಹಸು ಕಾಲು ಝಾಡಿಸಿತು. "ಅದ್ರ ಮೇಲ್ಯಾಕೆ ಸಿಟ್ಟು ತೋರಿಸ್ತೀಯ?" ಎಂದು ಬೈದೆ. ಕ್ಯಾನು ನಾನೇ ಹಿಡಿದುಕೊಂಡೆ, ಭಾರವಾದಲ್ಲಿ ಕೆಳಗಿಟ್ಟು ಸುಧಾರಿಸಿಕೊಂಡು ಮತ್ತೆ ಹಿಡಿದೆ. ಡೈರಿಗೆ ತಂದು, ಸ್ವಿಚ್ಚು ಹಾಕಿಸಿ, ಮೊದಲು ಅದನ್ನೇ ಕೊಟ್ಟೆ.

ಪೆಟ್ಟಿಗೆ ನೀರು ಎಂದಿತು.

ಹೆಂಗಸರು ಅವಳ ಮುಖ ನೋಡಲಿಲ್ಲ, ನನ್ನ ಮುಖ ನೋಡಿದರು. ಯಾರೋ ಹಿಂದಿನಿಂದ, "ಈಗ ಅಜ್ಜಿನೂ ಸೇರ್ಕಂಡ್ಲು," ಎಂದರು. ನನಗೆ ಸಿಟ್ಟು ಬರಲಿಲ್ಲ, ಸುಸ್ತು ಬಂತು. ನಾಳೆಯ ಮೀಟಿಂಗು ಇಲ್ಲ ಎಂದು ಹೇಳಿ, ಸೆಕ್ರೆಟರಿಯಿಂದ ಕಂಪ್ಯೂಟರಿನವರಿಬ್ಬರಿಗೂ ಫೋನು ಮಾಡಿಸಿದೆ. ಇಬ್ಬರೂ ಒಟ್ಟಿಗೇ ಬರಬೇಕು, ಒಬ್ಬರೇ ಬಂದರೆ ಇನ್ನೊಬ್ಬರ ಮೇಲೆ ಹಾಕಿ ಹೋಗುತ್ತಾರೆ ಎಂದು ಗಟ್ಟಿಯಾಗಿ ಹೇಳಿಸಿದೆ.

ಮಾರನೆಯ ದಿನ ಮಧ್ಯಾಹ್ನ ಬಂದರು. ಒಬ್ಬರ ಮುಖ ಒಬ್ಬರು ನೋಡದೆ ಕುರ್ಚಿ ಎಳೆದುಕೊಂಡು ಕೂತರು. ಬೇಲೂರಿನ ಹುಡುಗಿ ತನ್ನ ಕಂಪ್ಯೂಟರಿನಲ್ಲಿ ಅವನ ಹಳೆಯ ಸ್ಕ್ರಿಪ್ಟು ತೆಗೆದಳು. ತಾನು ಹೊಸದಕ್ಕೆ ಹೇಳಿದ್ದನ್ನೂ ಅದನ್ನೂ ಪಕ್ಕಪಕ್ಕ ಇಟ್ಟು ನೋಡಿದಳು.

"ಎಲ್ಲಾ ಹಾಗೇ ಇದೆ ಸಾರ್. ಒಂದು ಸಾಲು ಮಾತ್ರ ಬಿಟ್ಟಿದ್ದೀನಿ. ಟೆಸ್ಟಿಂಗ್ ಪೆಟ್ಟಿಗೆ ಆನ್ ಆದಮೇಲೆ ಸುಮ್ನೆ ಕಾಯಬೇಕು ಅಂತ ಬರೆದಿದ್ರಿ. ಯಾಕೆ ಅಂತ ಬರೆದಿರಲಿಲ್ಲ. ವೇಸ್ಟು ಅಂತ ತೆಗೆದೆ."

ಅವನು ಬಗ್ಗಿ ನೋಡಿದ. "ಹೌದು, ನಾನೇ ಬರ್ದಿದ್ದು. ಯಾಕೆ ಬರ್ದೆ..." ಎಂದು ನಿಲ್ಲಿಸಿದ. ಹಣೆ ಉಜ್ಜಿಕೊಂಡ. "ಮರ್ತೋಗಿದೆ ಕಣಮ್ಮ. ಆಗ ಏನೋ ಕಾಟ ಕೊಡ್ತಿತ್ತು."

ಇಬ್ಬರೂ ಎದ್ದು ಪೆಟ್ಟಿಗೆಯ ಹತ್ತಿರ ಹೋದರು. ಒಬ್ಬರಿಗೂ ಗೊತ್ತಿಲ್ಲ. ಅವನು ಹಾಲು ಎಳೆದುಕೊಳ್ಳುವ ಸಣ್ಣ ಕೊಳವೆಯನ್ನು ಬಿಚ್ಚಿ ಬಗ್ಗಿಸಿದ. ಅದರಿಂದ ನೀರು ತೊಟ್ಟಿಕ್ಕಿತು. ಹಾಲು ತಗೊಂಡಾದ ಮೇಲೆ ಕೊಳವೆ ಒಣಗಿ ಕಟ್ಟಿಕೊಳ್ಳದಿರಲಿ ಎಂದು ಸೆಕ್ರೆಟರಿ ಅದರೊಳಗೆ ಶುದ್ಧ ನೀರು ತುಂಬಿಸಿಟ್ಟು ಹೋಗುತ್ತಾಳೆ. ಹಾಗೇ ಮಾಡಬೇಕು ಎಂದು ಮೊದಲಿನಿಂದ ಹೇಳಿಕೊಟ್ಟಿದ್ದಾರೆ. ಆನ್ ಮಾಡಿದ ಮೇಲೆ ಪೆಟ್ಟಿಗೆ ಗುರ್ ಎನ್ನುತ್ತ ಆ ನೀರನ್ನು ಹೊರಗೆ ತಳ್ಳುತ್ತದೆ. ಹಳೆಯ ಸ್ಕ್ರಿಪ್ಟು ಅದು ಮುಗಿಯಲಿ ಎಂದು ಕಾಯುತ್ತಿತ್ತು. ಹೊಸದು ಕಾಯುವುದಿಲ್ಲ. ಪೆಟ್ಟಿಗೆ ಉತ್ತರ ಕೊಡದಿದ್ದರೆ ಅದರ ಪ್ರೋಗ್ರಾಮು ಬಿದ್ದುಹೋಗುತ್ತದೆ, ಮ್ಯಾನೇಜರು ಅದನ್ನು ಮತ್ತೆ ಎಬ್ಬಿಸುತ್ತದೆ, ಮತ್ತೆ ಬೀಳುತ್ತದೆ, ಮತ್ತೆ ಎಬ್ಬಿಸುತ್ತದೆ. ಅಂತೂ ಒಂದು ಸಲ ನಿಂತುಕೊಂಡಾಗ ನೀರಿನ್ನೂ ಕೊಳವೆಯಲ್ಲೇ ಇರುತ್ತದೆ, ಪರದೆ ಮಾತ್ರ ಹಾಲು ಕೊಡಿ ಎನ್ನುತ್ತದೆ. ಆ ನೀರಷ್ಟೂ ಮೊದಲ ಕ್ಯಾನಿನ ಲೆಕ್ಕಕ್ಕೆ. ಎರಡನೆಯವಳಿಂದ ಮುಂದೆ ಎಲ್ಲರದೂ ಸರಿ.

ಮೊದಲ ಕ್ಯಾನು ಯಾವಾಗಲೂ ಒಬ್ಬಳದೇ.

ಹುಡುಗಿ ಕೂತುಬಿಟ್ಟಳು. "ಒಬ್ಬರೇ ಯಾಕೆ ಅಜ್ಜಿ ದಿನಾ ಮೊದಲು ಹಾಕ್ತಾರೆ? ಬೇರೆಬೇರೆಯವರು ಹಾಕಿದ್ರೆ ಅವತ್ತೇ ಗೊತ್ತಾಗೋದು."

"ಅದು ಬೋಣಿ ಕಣಮ್ಮ. ನಿಂಗ್ ಗೊತ್ತಾಗಲ್ಲ ಬುಡು," ಎಂದೆ.

ಆಮೇಲೆ ಅದೇ ಹಳೆಯ ಜಗಳ. ಹಳೆಯ ಸ್ಕ್ರಿಪ್ಟೇ ವಾಪಸ್ಸು ಹಾಕೋಣವೇ, ಹೊಸದೇ ಇರಲೇ? ಅವನು ಗೆದ್ದವನ ಹಾಗೆ ಮಾತಾಡುತ್ತಾನೆ ಎಂದುಕೊಂಡಿದ್ದೆ. ಮಾತಾಡಲಿಲ್ಲ.

"ಅಕ್ಕ, ನಾನ್ ಬರ್ದಿದ್ದು ನಂಗೇ ಮರ್ತೋಗಿದೆ," ಎಂದ. "ನಾಳೆ ನಾನು ಇಲ್ದಿದ್ರೆ ಅದನ್ನ ಓದೋರು ಯಾರು? ಅಂಗ್ಡಿನೂ ಈ ವರ್ಷ ಮುಚ್ತೀನಿ. ಕಣ್ಣು ಕಾಣಲ್ಲ."

"ಕಾಯೋದನ್ನ ಹೊಸದಕ್ಕೂ ಹೇಳಬಹುದು," ಎಂದಳು ಅವಳು, ಈ ಸಲ ಮೆಲ್ಲಗೆ. "ಪೆಟ್ಟಿಗೆ ನೀರು ಖಾಲಿ ಮಾಡಿ ರೆಡಿ ಅಂದಮೇಲೇ ಪರದೆ ಬರ್ಲಿ ಅಂತ. ಯಾಕೆ ಅಂತಾನೂ ಅಲ್ಲೇ ಕನ್ನಡದಲ್ಲಿ ಬರೆದಿಡ್ತೀನಿ."

"ಮತ್ತೆ ಕಾಯಬೇಕು ಅಂದಂಗಾಯ್ತು."

"ಕಾಯಬೇಕು ಅಜ್ಜಿ."

"ಪೇಪರ್ ಮುಗುದ್ರೆ?"

"ಅದಕ್ಕೆ ನಿಲ್ಲಲ್ಲ."

ಹೊಸದೇ ಇರಲಿ ಎಂದೆ. ಆದರೆ ಅದನ್ನು ಸರಿ ಮಾಡುವುದಕ್ಕೆ ಮುಂಚೆ ಸಂಜೆ ಎಲ್ಲರೂ ಬರಲಿ, ಅವರ ಎದುರೇ ಒಂದು ಸಲ ಕೆಟ್ಟದ್ದನ್ನು ತೋರಿಸಿ ಎಂದೆ. ನಾನು ಬಾಯಲ್ಲಿ ಹೇಳಿದರೆ ನಂಬುವ ಊರಲ್ಲ ಇದು.

ಸಂಜೆ ಸೆಕ್ರೆಟರಿ ಕೊಳವೆಗೆ ಮತ್ತೆ ನೀರು ತುಂಬಿಸಿಟ್ಟಳು, ಮೂಲೆಮನೆಯವಳು ಕ್ಯಾನು ತಂದಳು. ಹುಡುಗಿ ಸ್ವಿಚ್ಚು ಹಾಕಿದಳು, ಪರದೆ ಕೂಡಲೇ ಬಂತು. ಅವಳ ಕ್ಯಾನಿನಿಂದ ಒಂದು ಲೋಟ ತೆಗೆದು ಕೊಟ್ಟರು. ನೀರು. ಅದೇ ಕ್ಯಾನಿನಿಂದ, ಅದೇ ಕೈಯಿಂದ, ಇನ್ನೊಂದು ಲೋಟ ಕೊಟ್ಟರು. ಒಳ್ಳೆಯ ಹಾಲು, ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಡಿಗ್ರಿ. ಸೆಕ್ರೆಟರಿ ಅದನ್ನು ಗಟ್ಟಿಯಾಗಿ ಓದಿದಳು.

ನಲ್ಲಿಯ ಹತ್ತಿರ ಮಾತಾಡಿದ್ದವಳು ತನ್ನ ಕ್ಯಾನಿನ ಮುಚ್ಚಳವನ್ನು ತೆಗೆದಳು, ಮುಚ್ಚಿದಳು. ಕೊನೆಗೆ ಒಬ್ಬಳು, "ಮಿಷನ್ನೇ ಕಳ್ಳ ನನ್ಮಗಂದು," ಎಂದಳು. ಅದೇ ನಮ್ಮೂರಿನ ಕ್ಷಮೆ. ಅದಕ್ಕಿಂತ ಜಾಸ್ತಿ ಯಾರಿಗೂ ಸಿಕ್ಕಿಲ್ಲ, ನನಗೂ ಸಿಕ್ಕಿಲ್ಲ. ಮೂಲೆಮನೆಯವಳು ತನ್ನ ಚೀಟಿ ಹರಿದುಕೊಂಡು, ಮಡಿಸಿ, ಕುಪ್ಪಸದೊಳಗೆ ಇಟ್ಟುಕೊಂಡಳು.

ಆವತ್ತೇ ಹುಡುಗಿ ಕಾಯುವುದನ್ನು ಹೊಸದಕ್ಕೆ ಕಲಿಸಿ ಹೋದಳು. ಅರಸೀಕೆರೆಯವನು ಪಕ್ಕದಲ್ಲಿ ಕೂತು ಇಲ್ಲಿ ಹೀಗೆ, ಅಲ್ಲಿ ಹಾಗೆ ಎನ್ನುತ್ತಿದ್ದ. ಇಬ್ಬರನ್ನೂ ಒಂದೇ ಆಟೋದಲ್ಲಿ ಬಸ್ಸಿಗೆ ಕಳಿಸಿದೆವು.

ಮಾರನೆಯ ಬೆಳಗ್ಗೆ ಹೆಂಗಸರೆಲ್ಲ ಬಂದರು. ಮೂಲೆಮನೆಯವಳೂ ಬಂದಳು. ಬಂದವಳು ಸಾಲಿನ ಹಿಂದೆ ಹೋಗಿ ನಿಂತಳು.

"ಮುಂದಕ್ಕೆ ಬಾರೇ," ಎಂದರು.

"ನಾನ್ ಬರಲ್ಲ. ನನ್ ಕೈಗುಣ ಸಾಕಾಯ್ತು. ಯಾರಾದ್ರೂ ಹಾಕ್ಕಳಿ."

ಯಾರೂ ಮುಂದೆ ಬರಲಿಲ್ಲ. ಪೆಟ್ಟಿಗೆ ಸರಿಯಾಗಿದೆ ಎಂದು ಎಲ್ಲರೂ ಕಣ್ಣಾರೆ ನೋಡಿದ್ದಾರೆ, ಆದರೂ ಮೊದಲ ಕ್ಯಾನು ಯಾರಿಗೂ ಬೇಡ. ಒಬ್ಬರನ್ನೊಬ್ಬರು ದೂಡಿದರು. ವ್ಯಾನು ಬರುವ ಹೊತ್ತು ಹತ್ತಿರವಾಯಿತು. ನಾನು ಮನೆಗೆ ಹೋಗಿ ನನ್ನ ಹಸುವಿನ ಹಾಲು ತಂದೆ. ಅದೊಂದು ಮುದಿ ಹಸು, ಕೊಡುವುದೂ ಕಮ್ಮಿ, ಅಷ್ಟಕ್ಕಷ್ಟೇ.

ಅಲ್ಲಿಂದ ಇಲ್ಲಿಯವರೆಗೆ ಬೋಣಿ ನನ್ನದೇ. ಬಾಗಿಲು ತೆಗೆಯುತ್ತೇನೆ, ಗುಡಿಸುತ್ತೇನೆ, ಸ್ವಿಚ್ಚು ಒತ್ತುತ್ತೇನೆ. ತೂಕದ ಅಂಕಿಯೂ ಪ್ರಿಂಟರೂ ತಕ್ಷಣ ಏಳುತ್ತವೆ. ಪೆಟ್ಟಿಗೆ ಗುರ್ ಎನ್ನುತ್ತ ಹೊರಗಿಟ್ಟ ಬಕೆಟ್ಟಿಗೆ ನೀರು ಉಗುಳುತ್ತದೆ. ನಾನು ಕ್ಯಾನು ಮುಂದಿಟ್ಟುಕೊಂಡು, ಸೊಂಟಕ್ಕೆ ಗೋಡೆಯ ಆಸರೆ ಕೊಟ್ಟು ಕೂತಿರುತ್ತೇನೆ. ಮೂಲೆಮನೆಯವಳು ಈಗ ಬಿಸಿಲು ಬಂದ ಮೇಲೆ, ತಲೆ ಬಾಚಿಕೊಂಡು ಬರುತ್ತಾಳೆ.

"ಇನ್ನೂ ರೆಡಿ ಅನ್ಲಿಲ್ವಾ ದೊಡ್ಡವ್ವ?" ಎನ್ನುತ್ತಾಳೆ.

"ಇಲ್ಲ ಕಣೆ. ಕೂತ್ಕೊ," ಎನ್ನುತ್ತೇನೆ.